ಒರೆಸಬಾರದ ಲೆಕ್ಕ

"ಒರೆಸಬೇಡಿ!"

ತಿವೊಂಗೆ ಕೂಗಿದ್ದು ಒಂದು ಕ್ಷಣ ತಡವಾಯಿತು.

ಬಾಗಿಲಿನಿಂದ ನೇರವಾಗಿ ಕಪ್ಪುಹಲಗೆಯ ಬಳಿ ಬಂದ ಆ ಅಪರಿಚಿತ ಯುವಕ ಡಸ್ಟರ್ ಎತ್ತಿಕೊಂಡು ಒಂದೇ ಎಳೆತಕ್ಕೆ ಇಡೀ ಸಾಲನ್ನು ಒರೆಸಿಬಿಟ್ಟಿದ್ದ. ಸೀಮೆಸುಣ್ಣದ ಪುಡಿ ಕಿಟಕಿಯ ಬಿಸಿಲಿನಲ್ಲಿ ನಿಧಾನವಾಗಿ ಕೆಳಗಿಳಿಯುತ್ತಿತ್ತು.

ಬೆಳೆದ ಗಂಡಸರು ಕೋಣೆಗೆ ಬಂದರೆ ಹುಡುಗಿಯರು ಮಂಡಿಯೂರಬೇಕು. ಸರೋವರದ ಮೇಲಿನ ಈ ಕಾವುಲೆ ಗುಡ್ಡದಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೈಸ್ಕೂಲಿನ ಎರಡನೇ ಫಾರಂನ ಮೂವತ್ತೆಂಟು ಹುಡುಗಿಯರೂ ಬೆಂಚುಗಳ ನಡುವೆ ದಡದಡನೆ ಮಂಡಿಯೂರಿದರು. ಹಲಗೆಯ ಮುಂದೆ ನಿಂತಿದ್ದ ಮ್ವಿಜಾ ಕೂಡ. ಅವಳ ಬೆರಳುಗಳಲ್ಲಿ ಸೀಮೆಸುಣ್ಣ ಇನ್ನೂ ಹಾಗೆಯೇ ಇತ್ತು. ಒರೆಸಿಹೋದದ್ದು ಅವಳ ಉತ್ತರ.

"ಲೆಕ್ಕ ತಪ್ಪಿತ್ತು ಮೇಡಂ..." ಯುವಕ ಮೆಲ್ಲಗೆ ಹೇಳಿದ.

"ತಪ್ಪಿತ್ತು ಅಂತ ನನಗೆ ಗೊತ್ತಿಲ್ವಾ? ಇಪ್ಪತ್ತು ನಿಮಿಷದಿಂದ ಅದರ ಮೇಲೇ ಮಾತಾಡ್ತಾ ಇದ್ದೀವಿ!"

"ಇಪ್ಪತ್ತು ನಿಮಿಷದಿಂದ? ತಪ್ಪು ಲೆಕ್ಕದ ಮೇಲೆ?"

"ಹೌದು! ಬೇಕೂಂತಲೇ!"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಖ್ಯೋಪಾಧ್ಯಾಯರಾದ ರೆವರೆಂಡ್ ನ್ಯಿರೆಂಡ ಬಿಳಿ ಕಾಲರ್ ಸರಿಮಾಡಿಕೊಳ್ಳುತ್ತಾ ಒಳಗೆ ಬಂದರು.

"ಓ, ಆಗಲೇ ಪರಿಚಯ ಆಯ್ತಾ? ಒಳ್ಳೇದು. ಇವರು ಸುಜ್ಗೊ ಮುಂಥಾಲಿ. ನಮ್ಮ ಚರ್ಚ್ ಸಭೆಯ ಶಿಕ್ಷಣ ಕಚೇರಿಯಿಂದ ಬಂದಿರೋ ಗಣಿತದ ಇನ್‌ಸ್ಪೆಕ್ಟರ್. ಎರಡು ವಾರ ನಮ್ಮ ಅತಿಥಿಗೃಹದಲ್ಲೇ ಇರ್ತಾರೆ. ಇವರು ತಿವೊಂಗೆ ಚವುಲ. ಇವರ ಕ್ಲಾಸಿನ ಗದ್ದಲ ನಿಮಗೆ ಗೇಟಿನ ಹತ್ರಾನೇ ಕೇಳಿಸಿರ್ಬೇಕು!"

ಸುಜ್ಗೊ. ಆ ಊರಿನವರ ಭಾಷೆಯಲ್ಲಿ ಹಾಗೆಂದರೆ ಕಷ್ಟ.

'ಹೆತ್ತವರು ಸರಿಯಾದ ಹೆಸರೇ ಇಟ್ಟಿದ್ದಾರೆ,' ಎಂದುಕೊಂಡಳು ತಿವೊಂಗೆ. ಮಾತು ಬಾಯಿಗೆ ಬರದಂತೆ ತುಟಿ ಕಚ್ಚಿ ಹಿಡಿದಳು.

ಅವಳ ಕಣ್ಣು ಮ್ವಿಜಾಳ ಮೇಲೆಯೇ ಇತ್ತು. ಆ ಹುಡುಗಿ ತಲೆ ಎತ್ತಲಿಲ್ಲ. ಸೀಮೆಸುಣ್ಣವನ್ನು ಮೆಲ್ಲಗೆ ನೆಲದ ಮೇಲಿಟ್ಟಳು, ಕದ್ದ ವಸ್ತುವನ್ನು ಹಿಂದಿರುಗಿಸುವವಳ ಹಾಗೆ.

ಶಾಲೆ ಶುರುವಾಗಿ ಏಳು ವಾರ. ಆ ಏಳು ವಾರದಲ್ಲಿ ಮ್ವಿಜಾ ಬಾಯಿ ತೆರೆದದ್ದು ಇವತ್ತೇ ಮೊದಲು!

* * *

ಅಂದು ಮಧ್ಯಾಹ್ನ ಹಾಸ್ಟೆಲಿನ ಅಡುಗೆಮನೆಯ ಹಿಂದೆ ಕುಳಿತು ತಿವೊಂಗೆ ಮರಗೆಣಸಿನ ಸಿಪ್ಪೆ ಹೆರೆಯುತ್ತಿದ್ದಳು.

"ಆ ಗೆಣಸು ನಿನಗೇನು ಪಾಪ ಮಾಡಿದೆ ಮಗಳೇ?" ಕೇಳಿದರು ಮೇಟ್ರನ್ ನ್ಯಾಗೊಂಡ್ವೆ. "ಸಿಪ್ಪೆಗಿಂತ ಗೆಣಸೇ ಜಾಸ್ತಿ ಬೀಳ್ತಾ ಇದೆ."

"ಅವನ ಕೈ ಮುರಿಯಾ!"

"ಅಯ್ಯೋ ಸ್ವಾಮಿ! ಪ್ರಾರ್ಥನೆ ಮುಗಿಸಿ ಬಂದ ಬಾಯಲ್ಲಿ ಇಂಥ ಮಾತಾ? ಯಾರ ಕೈ?"

ತಿವೊಂಗೆ ಎಲ್ಲವನ್ನೂ ಹೇಳಿದಳು. ಅವಳ ಗಣಿತದ ತರಗತಿಗೆ ಮೂರೇ ನಿಯಮಗಳಿದ್ದವು. ಗಣಿತದ ಹೊತ್ತಲ್ಲಿ ಮಂಡಿ ಊರಬಾರದು, ಏನೇ ಹೇಳುವುದಿದ್ದರೂ ನಿಂತು ಹೇಳಬೇಕು. ಕಾರಣ ಇಲ್ಲದ ಉತ್ತರ ಇಲ್ಲ; 'ನಾನು ಹೀಗೆ ಅಂದ್ಕೊಂಡೆ, ಯಾಕಂದ್ರೆ' ಎಂದು ಶುರು ಮಾಡಬೇಕು, ಮನಸ್ಸು ಬದಲಾದರೆ 'ಈಗ ಹಾಗನ್ಸಲ್ಲ, ಯಾಕಂದ್ರೆ' ಎನ್ನಬೇಕು. ಮೂರನೆಯದು, ತಪ್ಪು ಬರೆದವಳೇ ತಪ್ಪನ್ನು ಒರೆಸಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಶಿಕ್ಷಕಿ ಕೂಡ!

"ಮೀನು ಒಣಗಿಸೋ ಚಪ್ಪರದ ಲೆಕ್ಕ ಅದು. ಮೂರು ಮೀಟರಿನ ಚೌಕ ಚಪ್ಪರ. ಉದ್ದ ಅಗಲ ಎರಡನ್ನೂ ನಾಲ್ಕು ಮೀಟರ್ ಬೆಳೆಸಿದ್ರೆ ಜಾಗ ಎಷ್ಟಾಗುತ್ತೆ? ಮ್ವಿಜಾ ಎದ್ದು ಬಂದಳು. ಅವಳಾಗೇ ಎದ್ದು ಬಂದಳು! ಮೂರು ಮೂರ್ಲೆ ಒಂಬತ್ತು, ನಾಲ್ಕು ನಾಲ್ಕ್ಲೆ ಹದಿನಾರು, ಒಟ್ಟು ಇಪ್ಪತ್ತೈದು ಅಂತ ಬರೆದಳು. ಬೇರೆ ಹುಡುಗೀರು ಏಳು ಏಳ್ಲೆ ನಲವತ್ತೊಂಬತ್ತು ಅಂದ್ರು. ಇವಳು ಬಿಡ್ಲಿಲ್ಲ, ವಾದ ಮಾಡಿದಳು. ಇನ್ನೈದು ನಿಮಿಷ ಸಿಕ್ಕಿದ್ರೆ ಉಳಿದ ಇಪ್ಪತ್ನಾಲ್ಕು ಎಲ್ಲಿ ಹೋಯ್ತು ಅಂತ ಅವಳೇ ಕಂಡುಹಿಡೀತಿದ್ದಳು. ಆಗ ಬಂದ ನೋಡಿ ಮಹಾರಾಯ..."

"ನೋಡೋಕೆ ಹೇಗಿದ್ದಾನೆ?"

"ನ್ಯಾಗೊಂಡ್ವೆ!"

"ಕೇಳಿದೆ ಅಷ್ಟೇ ಕಣಮ್ಮ. ಕೈ ಮುರೀಬೇಕು ಅಂದ್ರೆ ಗುರುತು ಸಿಗಬೇಡ್ವಾ?"

* * *

ಮರುದಿನ ಅವನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಅದರ ಮರುದಿನವೂ. ಮಾತಿಲ್ಲ, ಕಥೆಯಿಲ್ಲ, ಕುಳಿತು ಕೇಳುವುದಷ್ಟೇ. ಹುಡುಗಿಯರು ಎದ್ದು ನಿಂತು ಒಬ್ಬರನ್ನೊಬ್ಬರು ತಡೆದು, "ನೀನು ಹೇಳಿದ್ದು ನನಗೆ ಒಪ್ಪಿಗೆ ಇಲ್ಲ, ಯಾಕಂದ್ರೆ" ಎನ್ನುವಾಗ ಅವನ ಮುಖದಲ್ಲಿ ಹಸಿದವನು ಊಟ ನೋಡುವಂಥ ಭಾವ. ತಿವೊಂಗೆ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು.

ಮ್ವಿಜಾ ಮಾತ್ರ ಮತ್ತೆ ಮೌನವಾಗಿದ್ದಳು.

ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಅವನು ದಾರಿಯಲ್ಲಿ ಕಾದು ನಿಂತಿದ್ದ. ಕೈಯಲ್ಲಿ ಕಾಗದದ ಪೊಟ್ಟಣ. ಬಿಸಿ ಬಿಸಿ ಮಂದಾಸಿ, ಎಣ್ಣೆಯಲ್ಲಿ ಕರಿದ ಸಿಹಿ ಉಂಡೆಗಳು.

"ನ್ಯಾಚವುಲ," ಎಂದ. ಅಪ್ಪನ ಕುಲದ ಹೆಸರು ಹಿಡಿದು, ಅಮ್ಮ ಅಕ್ಕಂದಿರನ್ನು ಕರೆಯುವಷ್ಟು ಗೌರವದಿಂದ. "ಒಂದು ಮಾತು ಹೇಳ್ಲಾ? ಕೇಳಿದ್ಮೇಲೆ ಬೈಬಹುದು."

"ಕೇಳೋಕೆ ಮೊದಲೂ ಬೈಬಹುದು."

"ಅವತ್ತು ರೆವರೆಂಡ್ ನನ್ನ ಹಿಂದೇನೇ ಬರ್ತಾ ಇದ್ರು. ಹಲಗೆ ಮೇಲೆ ತಪ್ಪು ಲೆಕ್ಕ ಕಾಣಿಸ್ತು. ಅವರು ನೋಡಿದ್ರೆ ನಿಮ್ಮ ಮರ್ಯಾದೆ ಹೋಗುತ್ತೆ ಅಂತ ಓಡಿ ಬಂದು ಒರೆಸಿದೆ."

ತಿವೊಂಗೆಯ ಹೆಜ್ಜೆ ನಿಂತಿತು.

"ನಮ್ಮಪ್ಪ ಮಿಷನ್ ಶಾಲೆಯಲ್ಲಿ ಗಣಿತದ ಮೇಷ್ಟ್ರು. ತಪ್ಪಿಗೆ ಒಂದು ಏಟು, ತಪ್ಪು ಅಂತ ಒಪ್ಪದಿದ್ರೆ ಎರಡು. ಅವರು ಹತ್ರ ಬರೋಷ್ಟರಲ್ಲಿ ಎಂಜಲು ಹಚ್ಚಿ ಸ್ಲೇಟು ಒರೆಸಿಬಿಡ್ತಿದ್ದೆ. ತಪ್ಪು ಕಂಡ್ರೆ ಒರೆಸೋದು ನನ್ನ ಕೈಗೆ ಅಂಟಿಬಿಟ್ಟಿದೆ..."

ಅವಳು ಪೊಟ್ಟಣದಿಂದ ಒಂದು ಮಂದಾಸಿ ತೆಗೆದುಕೊಂಡಳು.

ಅಂದಿನಿಂದ ದಿನವೂ ಸಂಜೆ ಸರೋವರದವರೆಗೆ ಜೊತೆಯಾಗಿ ಇಳಿಯುವುದು ರೂಢಿಯಾಯಿತು. ಜಗಳವೂ ನಡೆಯಿತು: ಭಿನ್ನರಾಶಿ ಮೊದಲೋ ದಶಮಾಂಶ ಮೊದಲೋ ಎಂದು, ಬಾಯಿಪಾಠ ಪೂರ್ತಿ ಬೇಡವೋ ಸ್ವಲ್ಪ ಬೇಕೋ ಎಂದು. ಅವನು ಸೋತಾಗ ನಗುತ್ತಿದ್ದ. ಸೋತು ನಗುವ ಗಂಡಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ!

'ಎರಡು ವಾರ ಮುಗಿದರೆ ಇವನು ಹೊರಟುಹೋಗ್ತಾನೆ,' ಎಂದು ಒಂದು ಸಂಜೆ ಮನಸ್ಸು ಹೇಳಿತು. ಹೋಗಲಿ, ನನಗೇನು? ಆದರೆ ಅಂದು ಅವಳಿಗೆ ಊಟ ಸೇರಲಿಲ್ಲ.

* * *

ಹನ್ನೆರಡನೆಯ ದಿನ ರೆವರೆಂಡ್ ನ್ಯಿರೆಂಡ ಅವಳನ್ನು ಕೋಣೆಗೆ ಕರೆಸಿದರು. ಅವರು ಕೆಟ್ಟವರಲ್ಲ. ಮಕ್ಕಳ ಫೀಸಿಗಾಗಿ ಊರೂರು ಅಲೆಯುವವರು, ಹಾಸ್ಟೆಲಿಗೆ ನೀರು ತರಿಸಿದವರು. ಆದರೆ ಎದುರು ಮಾತು ಎಂದರೆ ಅವರಿಗೆ ಚೇಳು ಕುಟುಕಿದ ಹಾಗೆ.

"ಇನ್‌ಸ್ಪೆಕ್ಟರ್ ವರದಿ ಕಚೇರಿ ಸುತ್ತಿ ನನ್ನ ಕೈಗೆ ಬಂತು. ಓದು."

ನಾಲ್ಕೇ ಸಾಲುಗಳು.

'ಹಲಗೆಯ ಮೇಲೆ ತಪ್ಪು ಲೆಕ್ಕವಿತ್ತು. ಶಿಕ್ಷಕಿ ಅದನ್ನು ತಿದ್ದಿರಲಿಲ್ಲ. ತರಗತಿಯಲ್ಲಿ ಶಿಸ್ತು ಇರಲಿಲ್ಲ. ವಿದ್ಯಾರ್ಥಿನಿಯರು ಜೋರಾಗಿ ವಾದಿಸುತ್ತಿದ್ದರು.'

ಕೆಳಗೆ ಸಹಿ: ಸುಜ್ಗೊ ಮುಂಥಾಲಿ.

ಅಕ್ಷರಗಳು ಅವಳ ಕಣ್ಣ ಮುಂದೆ ಕದಲಿದವು.

"ಶನಿವಾರ ಆಡಳಿತ ಮಂಡಳಿ ಸೇರುತ್ತೆ," ರೆವರೆಂಡ್ ಹೇಳಿದರು. "ಎಲ್ಲರ ಎದುರು ಮಂಡಿಯೂರಿ ಒಂದು ಮಾತು ಕ್ಷಮೆ ಕೇಳಮ್ಮ. ಸೋಮವಾರದಿಂದ ಚರ್ಚೆ ಗಿರ್ಚೆ ಬಿಟ್ಟು ಸೂತ್ರ ಬಾಯಿಪಾಠ ಮಾಡಿಸು. ಮುಗೀತು. ಇಲ್ಲದಿದ್ರೆ ಎರಡನೇ ಫಾರಂ ಬೇರೆಯವರಿಗೆ ಹೋಗುತ್ತೆ, ನೀನು ಬೆಟ್ಟದಾಚೆ ಪ್ರಾಥಮಿಕ ಶಾಲೆಗೆ."

ಅವಳು ಹೊರಬಂದಾಗ ಸುಜ್ಗೊ ಮಾವಿನ ಮರದ ಕೆಳಗೆ ನಿಂತಿದ್ದ. ಕೈಯಲ್ಲಿ ಪೊಟ್ಟಣ.

"ಇದು ನಿಮ್ಮದಾ?" ಕಾಗದವನ್ನು ಅವನ ಎದೆಗೆ ಒತ್ತಿದಳು.

ಅವನ ಮುಖ ಬೂದಿಯಾಯಿತು. "ಮೊದಲನೇ ದಿನ ಸಂಜೆ ಬರೆದದ್ದು. ರೆವರೆಂಡರಿಂದ ಮುಚ್ಚಿಟ್ರೂ ಕಚೇರಿಗೆ ಕಂಡದ್ದನ್ನ ಬರೀಲೇಬೇಕಿತ್ತು. ಕಚೇರಿಯ ಗಾಡಿ ಹೊರಟಿತ್ತು, ಕೊಟ್ಟುಬಿಟ್ಟೆ... ಆಗ ನನಗೆ ಅರ್ಥ ಆಗಿರ್ಲಿಲ್ಲ..."

"ಆಮೇಲೆ ಅರ್ಥ ಆಯ್ತಲ್ಲ? ಹನ್ನೊಂದು ದಿನ! ನನ್ನ ಕ್ಲಾಸಲ್ಲಿ ಕೂತ್ರಿ! ನನ್ನ ಜೊತೆ ನಡೆದ್ರಿ, ನಕ್ರಿ, ಮಂದಾಸಿ ತಿಂದ್ರಿ! ಒಂದೇ ಒಂದು ದಿನ ಬಾಯಿ ಬಿಡೋಕಾಗ್ಲಿಲ್ವಾ?"

"ಹೇಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಹೇಳಿದ್ರೆ ನೀವು ಮಾತಾಡೋದು ಬಿಟ್ಟುಬಿಡ್ತೀರ ಅನ್ನೋ ಭಯ..."

"ನೀವು ನೋಡಿದ್ದು ಸುಳ್ಳಲ್ಲ. ನೋಡಿದ್ದರ ಬಗ್ಗೆ ಕೇಳ್ಲಿಲ್ಲ, ಅದು ನಿಮ್ಮ ತಪ್ಪು. 'ಯಾಕೆ ಹೀಗೆ ಮಾಡ್ತೀರಿ' ಅಂತ ಒಂದು ಪ್ರಶ್ನೆ! ನಮ್ಮ ಹದಿನಾಲ್ಕು ವರ್ಷದ ಮಕ್ಕಳು ಕೇಳ್ತಾರೆ. ನಿಮಗೆ ಬರ್ಲಿಲ್ಲ!"

"ನ್ಯಾಚವುಲ, ನಾನು..."

"ನನ್ನ ಕ್ಲಾಸಿನ ಮೂರನೇ ನಿಯಮ ನೆನಪಿದ್ಯಾ ಮುಂಥಾಲಿಯವರೇ? ಇಲ್ಲಾ ಅದನ್ನೂ ಒರೆಸಿದ್ರಾ?"

ತಿರುಗಿ ನೋಡದೆ ನಡೆದಳು. ಅಳಬಾರದು ಎಂದುಕೊಂಡಳು. ಗೇಟು ದಾಟಿದ ಮೇಲೆ ಅತ್ತಳು, ಸಿಟ್ಟಿನಿಂದ.

* * *

ಶನಿವಾರ ಬೆಳಿಗ್ಗೆ ಚರ್ಚಿನ ಹಾಲ್. ಮೇಜಿನ ಹಿಂದೆ ರೆವರೆಂಡ್ ನ್ಯಿರೆಂಡ, ನಾಲ್ವರು ಹಿರಿಯರು, ಮಹಿಳಾ ಸಂಘದ ಪರವಾಗಿ, ಸಂಘದ ಬಿಳಿ ರವಿಕೆ ತೊಟ್ಟ ನ್ಯಾಗೊಂಡ್ವೆ. ಒಂದು ಮೂಲೆಯಲ್ಲಿ ಸುಜ್ಗೊ. ಕೆಳಗೆ ಚಾಪೆಯ ಮೇಲೆ, ಸಾಕ್ಷಿ ಹೇಳಲು ಕರೆಸಿದ್ದ ಮ್ವಿಜಾ.

"ತಿವೊಂಗೆ ಚವುಲ," ರೆವರೆಂಡ್ ಗಂಟಲು ಸರಿಮಾಡಿಕೊಂಡರು. "ಕ್ಷಮೆ ಕೇಳ್ತೀಯಲ್ಲಮ್ಮ?"

"ಇಲ್ಲ ರೆವರೆಂಡ್."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ದೇವರ ಮುಂದೆ ದಿನಾ ಮಂಡಿ ಊರ್ತೀನಿ. ನಮ್ಮಜ್ಜಿ ಮುಂದೆ ಊರ್ತೀನಿ. ನೀವು ನಮ್ಮ ಮನೆಗೆ ಬಂದ್ರೆ ಮಂಡಿಯೂರೇ ನೀರು ಕೊಡ್ತೀನಿ. ಆದ್ರೆ ಮಕ್ಕಳಿಗೆ ಯೋಚನೆ ಮಾಡೋಕೆ ಹೇಳಿಕೊಟ್ಟೆ ಅಂತ ಊರಲ್ಲ."

"ಹಿರಿಯರಿಗೆ ಎದುರು ಮಾತಾಡೋದು ಕ್ರೈಸ್ತ ಶಾಲೆಯಲ್ಲಿ ಕಲಿಸೋ ಪಾಠನಾ?"

"ಅಬ್ರಹಾಮ ದೇವರಿಗೇ ಎದುರು ಮಾತಾಡಿದ! ನೀನು ನಾಶ ಮಾಡ್ಬೇಕು ಅಂತಿರೋ ಊರಲ್ಲಿ ಐವತ್ತು ಜನ ನೀತಿವಂತರಿದ್ರೆ ಊರನ್ನ ಉಳಿಸ್ತೀಯಾ ಅಂತ ಶುರು ಮಾಡಿ, ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು ಅಂತ ಆರು ಸಲ ಕೇಳಿದ. ದೇವರು ಆರು ಸಲಾನೂ ಉತ್ತರ ಕೊಟ್ಟ. ಒಂದು ಸಲಾನೂ 'ಬಾಯಿ ಮುಚ್ಚು, ಶಿಸ್ತು ಇಲ್ಲ' ಅನ್ಲಿಲ್ಲ. ದೇವರಿಗಿದ್ದ ತಾಳ್ಮೆ ನಮ್ಮ ಮಂಡಳಿಗೆ ಯಾಕಿಲ್ಲ ರೆವರೆಂಡ್?"

ಒಬ್ಬ ಹಿರಿಯರು ಕೆಮ್ಮಿದರು. ನ್ಯಾಗೊಂಡ್ವೆ ಅಂಗೈಯಲ್ಲಿ ನಗು ಮುಚ್ಚಿಕೊಂಡರು.

ರೆವರೆಂಡ್ ಕಾಲರ್ ಸರಿಮಾಡಿಕೊಂಡರು. ಅವರು ಮ್ವಿಜಾಳ ಕಡೆ ತಿರುಗಿದರು. "ಮಗು, ನಿಜ ಹೇಳು. ಆ ತಪ್ಪು ಲೆಕ್ಕ ಹೇಳಿಕೊಟ್ಟಿದ್ದು ಮೇಡಂ ತಾನೇ?"

ಮ್ವಿಜಾ ಮಂಡಿಯೂರಿದಳು. ತಲೆ ತಗ್ಗಿಸಿದಳು. ತಿವೊಂಗೆ ಅವಳತ್ತ ಒಂದು ಹೆಜ್ಜೆ ಇಟ್ಟಳು. 'ಪಾಪ, ಈ ಮಗುವನ್ನ ಯಾಕೆ ಎಳೆದು ತಂದರು...'

"ಸರ್," ಮ್ವಿಜಾ ಹೇಳಿದಳು. "ಲೆಕ್ಕದ ವಿಷಯ ಆದ್ರೆ... ನಾನು ಏಳ್ಬೇಕಾಗುತ್ತೆ."

ಎದ್ದು ನಿಂತಳು!

"ಅದು ಮೇಡಂ ಹೇಳಿಕೊಟ್ಟಿದ್ದಲ್ಲ. ನನ್ನದು. ನಾನು ಇಪ್ಪತ್ತೈದು ಅಂದ್ಕೊಂಡಿದ್ದೆ, ಯಾಕಂದ್ರೆ ಚಿಕ್ಕ ಚೌಕ ಒಂದು, ದೊಡ್ಡ ಚೌಕ ಒಂದು, ಸೇರಿಸಿದ್ರೆ ಮುಗೀತು ಅನ್ನಿಸ್ತು. ಈಗ ಹಾಗನ್ಸಲ್ಲ, ಯಾಕಂದ್ರೆ..." ಉಸಿರು ಎಳೆದುಕೊಂಡಳು. "ಮೊನ್ನೆ ಸರೋವರದ ಹತ್ರ ಅಮ್ಮನ ಚಪ್ಪರದ ಮೇಲೆ ಮೀನು ಹರಡ್ತಾ ಇದ್ದೆ. ಒಂದು ಮೂಲೆಗೆ ಮೂರು ಮೂರರ ಚೌಕ, ಎದುರು ಮೂಲೆಗೆ ನಾಲ್ಕು ನಾಲ್ಕರ ಚೌಕ. ಆದ್ರೂ ಎರಡು ಕಡೆ ಚಪ್ಪರ ಖಾಲಿ ಕಾಣ್ತಿತ್ತು. ಮೂರು ನಾಲ್ಕರ ಎರಡು ತುಂಡು. ಹನ್ನೆರಡು, ಹನ್ನೆರಡು. ಅಲ್ಲೇ ಇತ್ತು ಸರ್, ಆ ಇಪ್ಪತ್ನಾಲ್ಕು! ಅವತ್ತು ಒರೆಸದೇ ಇದ್ದಿದ್ರೆ ಅವತ್ತೇ ಸಿಗ್ತಿತ್ತು."

ಒಬ್ಬ ಹಿರಿಯರು ಮೇಜಿನ ಮೇಲೆ ಬೆರಳಿನಿಂದ ಚೌಕ ಬರೆದು ನೋಡುತ್ತಿದ್ದರು.

ಮೂಲೆಯಲ್ಲಿ ಕುರ್ಚಿ ಸರಿದ ಸದ್ದು.

ಸುಜ್ಗೊ ಎದ್ದು ಬಂದು ತನ್ನ ವರದಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. "ರೆವರೆಂಡ್, ಈ ಶಿಕ್ಷಕಿಗೆ ಕೆಲಸ ಬರಲ್ಲ ಅಂದ್ಕೊಂಡಿದ್ದೆ, ಯಾಕಂದ್ರೆ ತಪ್ಪು ಕಂಡ ಕೂಡಲೇ ಒರೆಸೋದೇ ಕೆಲಸ ಅಂತ ನನಗೆ ಹೊಡೆದು ಕಲಿಸಿದ್ರು. ಈಗ ಹಾಗನ್ಸಲ್ಲ, ಯಾಕಂದ್ರೆ ಎರಡು ವಾರ ಹಿಂದಿನ ಬೆಂಚಲ್ಲಿ ಕೂತು ನೋಡಿದೆ. ಇಂಥ ಕ್ಲಾಸು ನನಗೆ ಸಿಕ್ಕಿದ್ದಿದ್ರೆ..." ಅವನು ಪೆನ್ನು ತೆಗೆದ. "ತಪ್ಪು ಬರೆದವರೇ ಒರೆಸ್ಬೇಕು. ಈ ವರದಿ ನನ್ನದು."

ನಾಲ್ಕು ಸಾಲಿನ ಮೇಲೂ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದ.

"ಕಚೇರಿಯವರು ನಿನ್ನ ಸುಮ್ನೆ ಬಿಡ್ತಾರಾ?" ರೆವರೆಂಡ್ ಬೆರಗಾಗಿ ಕೇಳಿದರು.

"ಬಿಡಲ್ಲ. ಪರ್ವಾಗಿಲ್ಲ. ಕ್ಷಮೆ ಕೇಳೋದು ಇನ್ನೂ ಒಂದು ಬಾಕಿ ಇದೆ."

ಅವನು ಮ್ವಿಜಾಳ ಎದುರು ಹೋದ. ಮಂಡಿಯೂರಿದ!

ಕೋಟು ತೊಟ್ಟ ಇನ್‌ಸ್ಪೆಕ್ಟರು, ಮೀನು ಒಣಗಿಸುವವಳ ಮಗಳ ಮುಂದೆ!

"ನಿನ್ನ ಉತ್ತರ ಒರೆಸಿದೆ ಮಗು. ಅದು ನನ್ನದಾಗಿರ್ಲಿಲ್ಲ. ಕ್ಷಮಿಸು."

ಮ್ವಿಜಾ ಕಕ್ಕಾಬಿಕ್ಕಿಯಾಗಿ ತಿವೊಂಗೆಯನ್ನು ನೋಡಿದಳು. ಆಮೇಲೆ ಅವನನ್ನು. ಆಮೇಲೆ ಬಹಳ ಗಂಭೀರವಾಗಿ ಹೇಳಿದಳು:

"ಎದ್ದೇಳಿ ಸರ್. ಗಣಿತದ ಹೊತ್ತಲ್ಲಿ ಮಂಡಿ ಊರಬಾರದು."

ಮೊದಲು ನಕ್ಕದ್ದು ನ್ಯಾಗೊಂಡ್ವೆ. ಮೇಜು ಬಡಿದು ನಕ್ಕರು. "ರೆವರೆಂಡ್, ಈ ಹುಡುಗಿಗೆ ನಿಮ್ಮ ಸೂತ್ರ ಬಾಯಿಪಾಠ ಬೇಕಾ ಇನ್ನೂ? ಮಹಿಳಾ ಸಂಘದ ಕೈ ಇಗೋ ಮೇಲಿದೆ. ಎರಡನೇ ಫಾರಂ ನ್ಯಾಚವುಲಳಿಗೇ ಇರ್ಲಿ!"

ಚೌಕ ಬರೆಯುತ್ತಿದ್ದ ಹಿರಿಯರ ಕೈ ಮೇಲೆದ್ದಿತು. ಇನ್ನೊಂದು. ಮತ್ತೊಂದು.

ರೆವರೆಂಡ್ ಕೈ ಎತ್ತಲಿಲ್ಲ. ಮೇಜಿನ ಕಾಗದಗಳನ್ನು ಜೋಡಿಸಿಕೊಳ್ಳುತ್ತಾ, "ಕಿಟಕಿಗಳನ್ನಾದ್ರೂ ಮುಚ್ಕೊಂಡು ವಾದ ಮಾಡಿ," ಎಂದರು.

"ಸೆಕೆ ಆಗುತ್ತೆ ರೆವರೆಂಡ್," ಎಂದಳು ತಿವೊಂಗೆ. "ತೆರೆದೇ ಇರ್ತವೆ."

* * *

ಮಧ್ಯಾಹ್ನ ಅವಳು ಎರಡನೇ ಫಾರಂ ಕೋಣೆಗೆ ಹೋದಾಗ ಅವನು ಅಲ್ಲಿದ್ದ. ಹಲಗೆಯ ಮೇಲೆ ಒಂದೇ ಸಾಲು ಬರೆದಿದ್ದ.

'ನ್ಯಾಚವುಲ ನನ್ನನ್ನು ಕ್ಷಮಿಸುವುದಿಲ್ಲ.'

"ಕಾರಣ?" ಬಾಗಿಲಲ್ಲೇ ನಿಂತು ಕೇಳಿದಳು.

"ಹನ್ನೊಂದು ದಿನ ಹೇಡಿಯಾಗಿದ್ದೆ."

"ಒಪ್ಪಿದೆ. ಮುಂದೆ?"

"ಮುಂದೆ... ನಾಳೆ ಬೆಳಿಗ್ಗೆ ಬಸ್ಸು. ಇನ್ನು ಸುಮ್ನಿರೋಕಾಗಲ್ಲ. ನಾನು ಇಲ್ಲಿಗೆ ಕ್ಲಾಸು ನೋಡೋಕೆ ಬಂದೆ ಅಂದ್ಕೊಂಡಿದ್ದೆ. ಈಗ ಹಾಗನ್ಸಲ್ಲ, ಯಾಕಂದ್ರೆ ನಿಮ್ಮನ್ನ ಬಿಟ್ಟು ಹೋಗೋಕೆ ಕಾಲೇ ಬರ್ತಿಲ್ಲ. ನನಗೆ ನೀವು ಅಂದ್ರೆ ಪ್ರೀತಿ, ತಿವೊಂಗೆ."

ಮೊದಲ ಸಲ ಬರೀ ಹೆಸರು. ಕಿಟಕಿಯಾಚೆ ಸರೋವರ ಬಿಳಿಯಾಗಿ ಉರಿಯುತ್ತಿತ್ತು. ಅವಳು ಹಲಗೆಯ ಹತ್ತಿರ ಬಂದಳು.

"ನಾನೂ ಹೀಗೇ ಅಂದ್ಕೊಂಡಿದ್ದೆ," ಆ ಸಾಲಿನ ಕಡೆ ಕೈ ತೋರಿಸಿದಳು. "ಈಗ ಹಾಗನ್ಸಲ್ಲ..."

"ಯಾಕಂದ್ರೆ?"

"ಗೊತ್ತಿಲ್ಲ."

"ಕಾರಣ ಇಲ್ಲದ ಉತ್ತರ ಇಲ್ಲ. ನಿಮ್ಮದೇ ನಿಯಮ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಣ್ಣು ತುಂಬಿ ಬಂತು.

"ಯಾಕಂದ್ರೆ ಸೋಮವಾರ ಹಿಂದಿನ ಬೆಂಚು ಖಾಲಿ ಇರುತ್ತೆ. ಅದನ್ನ ನೋಡ್ತಾ ಪಾಠ ಮಾಡೋಕೆ ನನ್ನಿಂದ ಆಗಲ್ಲ. ಸಾಕಾ ಕಾರಣ?"

"ಕಚೇರಿಯವರು ನನ್ನ ಉಳಿಸಿಕೊಳ್ಳಲ್ಲ. ಇಲ್ಲಿ ಮೂರನೇ ಫಾರಂಗೆ ಗಣಿತದ ಮೇಷ್ಟ್ರಿಲ್ಲ ಅಂತ ನ್ಯಾಗೊಂಡ್ವೆ ಹೇಳಿದ್ರು..."

"ಓ! ಅವರ ಹತ್ರ ಆಗಲೇ ಮಾತಾಗಿದೆಯಾ?"

"ಅವರು ನನ್ನ ಕೈ ಹಿಡಿದು ನೋಡಿ, ಮುರಿಯೋಕೆ ಇದೇ ಕೈನಾ ಅಂತ ಕೇಳಿದ್ರು. ಯಾಕೆ ಅಂತ ಗೊತ್ತಾಗ್ಲಿಲ್ಲ."

ತಿವೊಂಗೆ ಅಳುತ್ತಲೇ ನಕ್ಕಳು. ಕಟ್ಟೆಯ ಮೇಲಿದ್ದ ಡಸ್ಟರ್ ಎತ್ತಿ ಅವನ ಕೈಗಿಟ್ಟಳು. ಅವಳ ಬೆರಳುಗಳು ಅಲ್ಲಿಯೇ ಉಳಿದವು.

"ಒರೆಸ್ಲಾ?" ಅವನು ಕೇಳಿದ.

"ಒರೆಸಿ. ಬರೆದವರು ನೀವೇ ಅಲ್ವಾ?"